ಕೈ ಮೇಲೆ ಕೂತ ಸೋಮವಾರ

ಎಲ್ಲ ಬಗೆಯ ಮಕ್ಕಳೂ ಒಟ್ಟಿಗೆ ಕೂರುವ ಶಿಶುವಿಹಾರ ನಮ್ಮದು. ಪಾಠ ಹೇಳುವವರು ದೊಡ್ಡ ಮಿಸ್. ಮೂಗು ಒರೆಸುವ, ಶೂ ಹಾಕುವ ನಾನು ಚಿಕ್ಕ ಮಿಸ್. ವಯಸ್ಸಿನಲ್ಲಿ ನಾನೇ ಹನ್ನೆರಡು ವರ್ಷ ದೊಡ್ಡವಳು, ಆ ಮಾತು ಬಿಡಿ.

ಕೆನ್ನೆ ಉಬ್ಬಿಸಿಕೊಂಡು ತಿನ್ನುವ ಹುಡುಗಿಯೊಬ್ಬಳನ್ನು ನಾವು ಅಳಿಲು ಅನ್ನುತ್ತೇವೆ. ಹುಟ್ಟಿನಿಂದಲೇ ಅವಳ ಬಲಗೈಯಲ್ಲಿ ಶಕ್ತಿಯಿಲ್ಲ, ಮಾತೂ ನಿಧಾನ. ಎರಡು ವರ್ಷದಿಂದ ಅವಳ ಬಲಗೈ ನಾನೇ. ಅವಳು ಊಟದ ಡಬ್ಬಿಯ ಕಡೆ ನೋಡುವಷ್ಟರಲ್ಲಿ ನಾನು ಮುಚ್ಚಳ ತೆಗೆದಾಗಿರುತ್ತಿತ್ತು. ನನ್ನ ಕೈ ಸುಮ್ಮನಿರುವ ಜಾತಿಯದಲ್ಲ, ತಡ ಎಂದರೆ ನನಗೆ ಮೈಯೆಲ್ಲ ಉರಿ. ಅದನ್ನೇ ಪ್ರೀತಿ ಅಂದುಕೊಂಡಿದ್ದೆ.

ಮುಂದಿನ ತರಗತಿಯಲ್ಲಿ ಚಿಕ್ಕ ಮಿಸ್ ಇರುವುದಿಲ್ಲ. ಅಳಿಲು ಯಾರ ಸಹಾಯವೂ ಇಲ್ಲದೆ ಊಟ ಮಾಡಿದರೆ ಗೆಳತಿಯರ ಜೊತೆ ಅಲ್ಲಿಗೆ, ಇಲ್ಲವಾದರೆ ಊರಾಚೆಯ ಬೇರೆ ಶಾಲೆಗೆ. ನೋಡಿ ತೀರ್ಮಾನಿಸಲು ಸೋಮವಾರ ಒಬ್ಬ ಮೇಡಂ ಬರುವವರಿದ್ದರು. ಆ ಬೆಳಿಗ್ಗೆ ಗೇಟಿನ ಹತ್ತಿರ ಅವಳ ಅಮ್ಮ ನನ್ನ ಕೈ ಹಿಡಿದುಕೊಂಡರು.

“ಮನೇಲಿ ಎಡಗೈಲೇ ಡಬ್ಬಿ ತೆಗೀತಾಳೆ ಮಿಸ್. ಇಲ್ಲಿ ಯಾಕೋ ಮುಟ್ಟೋದೇ ಇಲ್ವಂತೆ.”

ಯಾಕೆಂದು ನನಗೆ ಗೊತ್ತಿತ್ತು. ನಾಚಿಕೆಯಾಯಿತು.

ಊಟದ ಹೊತ್ತಿಗೆ ಮೇಡಂ ಕಿಟಕಿಯ ಬಳಿ ಕೂತರು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು, ಪುಟ್ಟ ಬೆಂಚಿನ ಮೇಲೆ ಅವುಗಳ ಮೇಲೇ ಕೂತೆ. ಅಳಿಲು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು, ಕಾದಳು. ಅಷ್ಟರಲ್ಲಿ ಪಕ್ಕದಿಂದ ಪುಟ್ಟಜ್ಜಿ ಎದ್ದಳು. ನಾಲ್ಕು ವರ್ಷದ ಈ ಹುಡುಗಿಗೆ ಊರ ಉಸಾಬರಿಯೆಲ್ಲ ಬೇಕು, ಅದಕ್ಕೇ ಆ ಹೆಸರು.

“ಇರು ಬಂಗಾರ, ನಾನ್ ತೆಗೀತೀನಿ,” ಎಂದಳು. ಥೇಟ್ ನನ್ನದೇ ದನಿ. ಅವಳ ಹಿಂದೆ ಇನ್ನೂ ಮೂವರು ಹೊರಟರು. ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ. ಮೇಡಂ ಪೆನ್ನು ತೆಗೆದರು.

“ಪುಟ್ಟಜ್ಜಿ, ಬಾಮ್ಮ ಇಲ್ಲಿ. ನನ್ನ ಹಾಗೆ ಕೂತ್ಕೋ ನೋಡೋಣ,” ಎಂದೆ.

“ಕೈ ಮೇಲಾ?”

“ಹೂಂ. ಯಾರು ಜಾಸ್ತಿ ಹೊತ್ತು ಕೂರ್ತಾರೋ ನೋಡೋಣ.”

ಅವಳು ಕೂತಳು. ಆ ಮೂವರೂ ಕೂತರು. ನೋಡನೋಡುತ್ತಾ ಇಡೀ ತರಗತಿ ಊಟ ಬಿಟ್ಟು ಕೈ ಮೇಲೆ ಕೂತಿತು. ದೊಡ್ಡ ಮಿಸ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದರು.

ಅಳಿಲು ಸುತ್ತ ನೋಡಿದಳು. ಸಹಾಯಕ್ಕೆ ಒಂದು ಕೈಯೂ ಇಲ್ಲ. ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಎಡಗೈ ಹೆಬ್ಬೆರಳಿನಿಂದ ಒಂದು ಕ್ಲಿಪ್ಪು ಎಬ್ಬಿಸಿದಳು. ಇನ್ನೊಂದು ಜಾರಿತು. ಮತ್ತೆ ಜಾರಿತು. ನಾನು ಏಳಲಿಲ್ಲ. ಕೊನೆಗೆ ಅವಳು ಅದನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಮುಚ್ಚಳ ಟಪ್ಪೆಂದು ಕೆಳಗೆ ಬಿತ್ತು. ಎಡಗೈಯಿಂದಲೇ ಒಂದು ತುಂಡು ಬ್ರೆಡ್ಡು ತೆಗೆದು ಕೆನ್ನೆ ಉಬ್ಬಿಸಿಕೊಂಡು ತಿಂದಳು.

“ಮೇಲಿನ ಕ್ಲಾಸಿಗೆ ಕಳಿಸಿ. ಹಲ್ಲು ಮಾತ್ರ ಜೋಪಾನ,” ಎಂದು ಮೇಡಂ ಎದ್ದರು.

ಮಕ್ಕಳೆಲ್ಲ ಊಟಕ್ಕೆ ಓಡಿದರು. ನಾನು ಕೂತೇ ಇದ್ದೆ. ಹೊರಗೆಳೆದ ಕೈ ಎರಡೂ ಮರಗಟ್ಟಿದ್ದವು. ಅಳಿಲು ಒಂದು ತುಂಡು ಬ್ರೆಡ್ಡು ತಂದು ನನ್ನ ಮುಂದೆ ಹಿಡಿದಳು.

“ತಗೋ.”

“ಕೈ ಬರ್ತಿಲ್ಲ ಕಣೇ.”

ಅವಳು ನನ್ನ ಕೈಗಳನ್ನು ನೋಡಿದಳು. “ನಿಧಾನ ಮಿಸ್. ನಾನು... ಕಾಯ್ತೀನಿ.”

ಎರಡು ವರ್ಷದಲ್ಲಿ ನಾನು ಅವಳಿಗೆ ಆ ಮಾತು ಒಮ್ಮೆಯೂ ಹೇಳಿರಲಿಲ್ಲ. ಅಳು ಬಂತು. ಅವಳು ಬ್ರೆಡ್ಡು ಹಿಡಿದು ನಿಂತೇ ಇದ್ದಳು.