ಎಂಟು ಗಂಟೆಯ ಗ್ಯಾಂಟ್ರಿ

ಮುಂದೆ ನಿಂತಿದ್ದ ಟ್ಯಾಕ್ಸಿಯ ಹಿಂದೆ ಗೋಪಿನಾಥ್ ತನ್ನ ಕಾರನ್ನೂ ನಿಲ್ಲಿಸಿ ಸೀಟಿಗೆ ತಲೆಯಾನಿಸಿದ. ಎಕ್ಸ್‌ಪ್ರೆಸ್‌ವೇ ಹತ್ತುವ ಮೊದಲಿನ ಈ ಅಡ್ಡರಸ್ತೆಯಲ್ಲಿ ಸಂಜೆ ಹೊತ್ತು ನಾಲ್ಕಾರು ವಾಹನಗಳು ಹೀಗೆ ಬಾಲಕ್ಕೆ ಬಾಲ ಸೇರಿಸಿ ನಿಂತಿರುತ್ತವೆ. ಮುಂದೆ ರಸ್ತೆಯ ಮೇಲೆ ಕಮಾನಿನಂತೆ ನಿಂತ ಸುಂಕದ ಚೌಕಟ್ಟು, ಇಆರ್‌ಪಿ ಗ್ಯಾಂಟ್ರಿ. ಅದರಡಿ ಹಾದರೆ ಕಾರಿನೊಳಗಿನ ಡಬ್ಬಿ ಕೀಂ ಎಂದು ಕಾರ್ಡಿನಿಂದ ಸುಂಕ ಕಳೆಯುತ್ತದೆ. ಎಂಟು ಹೊಡೆದ ಮೇಲೆ ಪುಕ್ಕಟೆ. ಅಷ್ಟೊಂದು ಹಣ ಸುರಿದು ಕಾರು ಕೊಂಡವರು ಒಂದೆರಡು ಡಾಲರಿಗೆ ಬೀದಿಬದಿಯಲ್ಲಿ ಕಾಯುವುದೆಂದರೆ, ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ. ಮೊದಲ ವರ್ಷ ಗೋಪಿನಾಥನೂ ಇವರನ್ನು ನೋಡಿ ನಕ್ಕಿದ್ದ. ಈಗ ಕಾಲು ತಾನಾಗಿಯೇ ಬ್ರೇಕ್ ಒತ್ತುತ್ತದೆ.

ಆದರೆ ಇವತ್ತು ನಿಲ್ಲಬಾರದಿತ್ತು. ಬಿಶಾನ್‌ನ ಶಾಲೆಯಲ್ಲಿ ಮಕ್ಕಳು ತಂದೆತಾಯಂದಿರ ಮುಂದೆ ಒಬ್ಬೊಬ್ಬರಾಗಿ ಮಾತಾಡುವ ಸಂಜೆ. ಮಗಳು ಅನಘಾಗೆ ಮಾತು ತಡವರಿಸುತ್ತದೆ. ಜನರ ಮುಂದೆ ನಿಲ್ಲಲು ಒಪ್ಪಿದ್ದು ಇದೇ ಮೊದಲು. ಅವಳು ಆರಿಸಿಕೊಂಡ ವಿಷಯ ಸುಂಕ. ಇನ್ನೂರು ಮುನ್ನೂರು ವರ್ಷಗಳ ಹಿಂದೆ ಊರಬಾಗಿಲಲ್ಲಿ ಗಾಡಿಗಳಿಂದ ಸುಂಕ ಎತ್ತಿ, ಆ ಹಣದಲ್ಲಿ ಕೆಸರು ಬೀದಿಗಳಿಗೆ ಕಲ್ಲು ಹಾಸುತ್ತಿದ್ದರಂತೆ. ಅದನ್ನು ಅವಳು ತಾನೇ ಹುಡುಕಿ, ವಾರವಿಡೀ ಅಪ್ಪನೆದುರು ಹೇಳಿ ಹೇಳಿ ಕಲಿತಿದ್ದಳು.

"ಅಪ್ಪ, ನೀನು ಮುಂದೇನೇ ಕೂತ್ಕೊ. ನಾನು ನಿನ್ನೊಬ್ಬನ್ನೇ ನೋಡ್ಕೊಂಡು ಹೇಳ್ತೀನಿ," ಎಂದಿದ್ದಳು ಬೆಳಿಗ್ಗೆ.

ಆಫೀಸಿನಿಂದ ಬೇಗ ಹೊರಡುತ್ತೇನೆಂದು ಮ್ಯಾನೇಜರನ್ನು ಕೇಳಿದ್ದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಗಿತ್ತು. ತಿಂಗಳಿಂದ ರಾತ್ರಿಯೆಲ್ಲ ಕಾಲ್‌ಗಳು, ಬೆಳಿಗ್ಗೆ ಮತ್ತೆ ಅದೇ ಕುರ್ಚಿ. ಅನಘಾಳ ಸರದಿ ಕೊನೆಗೆ ಎಂದು ಹೆಂಡತಿ ಮೈಥಿಲಿ ಮೆಸೇಜ್ ಮಾಡಿದ್ದಳು. ಹತ್ತು ನಿಮಿಷಕ್ಕೆ ಏನು ಮುಳುಗಿಹೋಗುತ್ತದೆ ಎಂದುಕೊಂಡು ಅವನು ಕಣ್ಣು ಮುಚ್ಚಿದ.

ಬೆಚ್ಚಿ ಎದ್ದಾಗ ಮುಂದೆ ಟ್ಯಾಕ್ಸಿ ಇರಲಿಲ್ಲ. ಹಿಂದೆಯೂ ಯಾರೂ ಇರಲಿಲ್ಲ. ಗಡಿಯಾರದಲ್ಲಿ ಒಂಬತ್ತಾಗುತ್ತ ಬಂದಿತ್ತು. ಗ್ಯಾಂಟ್ರಿಯಡಿ ಕಾರು ಸದ್ದಿಲ್ಲದೆ ಹಾದುಹೋಯಿತು.

ಶಾಲೆಯ ಹಾಲ್‌ನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಬಾಗಿಲ ಬಳಿಯೇ ಸಿಕ್ಕಿದ ಮೈಥಿಲಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅನಘಾ ಶುರುವೇನೋ ಚೆನ್ನಾಗಿ ಮಾಡಿದಳಂತೆ. ಅರ್ಧದಲ್ಲಿ ಮಾತು ಸಿಕ್ಕಿಕೊಂಡಿತಂತೆ.

"ಮುಂದೆ ನಿನ್ನ ಸೀಟ್ ಖಾಲಿ ಇತ್ತಲ್ಲ, ಅದನ್ನೇ ನೋಡ್ತಾ ನಿಂತ್ಲು," ಎಂದಳು ಮೈಥಿಲಿ ತಗ್ಗಿದ ದನಿಯಲ್ಲಿ. "ಆಮೇಲೆ, 'ನಮ್ಮಪ್ಪಾನೂ ಟೋಲ್ ಕೊಡ್ತಾರೆ, ಅದಕ್ಕೇ ನಮ್ ರೋಡ್ ಚೆನ್ನಾಗಿರೋದು' ಅಂದ್ಳು. ಅಷ್ಟೇ. ಉಳಿದಿದ್ದು ಹೇಳದೇ ಇಳಿದುಬಂದ್ಲು."

ಅನಘಾ ಚೀಲ ಬೆನ್ನಿಗೇರಿಸಿಕೊಂಡು ಬಂದಳು. ಅತ್ತಿರಲಿಲ್ಲ.

"ತುಂಬಾ ಜ್ಯಾಮ್ ಇತ್ತಾ ಅಪ್ಪ?"

ಹೂಂ ಎಂದರೆ ಮುಗಿಯುತ್ತಿತ್ತು. ಗೋಪಿನಾಥ್ ಬಾಯಿ ತೆರೆದ. ಗಂಟಲಿನವರೆಗೆ ಬಂದ ಮಾತು ಅಲ್ಲೇ ನಿಂತಿತು. ಮೈಥಿಲಿ ಏನೋ ಹೇಳಹೊರಟಳು. ಅನಘಾ ಅಮ್ಮನ ಕೈ ಹಿಡಿದು ಸುಮ್ಮನಾಗಿಸಿದಳು. ಯಾರಿಗೇ ಆಗಲಿ ಮಾತು ಸಿಕ್ಕಿಕೊಂಡರೆ ನಡುವೆ ಬಾಯಿ ಹಾಕಬಾರದು, ಮುಖ ನೋಡುತ್ತ ಕಾಯಬೇಕು ಎಂಬುದು ಅವರ ಮನೆಯ ನಿಯಮ.

ಅನಘಾ ಅವನ ಮುಖ ನೋಡುತ್ತ ಕಾದಳು.