ಸ್ಕ್ರೂ ಕೆಳಗಿನ ಊರಿನಲ್ಲಿ ಸಂಕಷ್ಟಿ

ಮನುಕುಲದ ಯಾವ ಮಹಾಸಭೆಯೂ ಇದುವರೆಗೆ ಇತ್ಯರ್ಥಪಡಿಸದ ಪ್ರಶ್ನೆಯೊಂದನ್ನು ಓದುಗರ ಮುಂದಿಡುತ್ತಿದ್ದೇನೆ: ಕಲ್ಯಾಣಿಯವರು ಎಷ್ಟು ಗಂಟೆಗೆ ಊಟ ಮಾಡಬೇಕು?

(ಹೀಗೆ ಶುರು ಮಾಡಬಹುದೋ? ಮೊದಲ ಡ್ರಾಫ್ಟು ಹಿಮಕರಡಿಯಿಂದ ಶುರುವಾಗಿತ್ತು. ಆದರೆ ನಾನು ಉತ್ತರಕ್ಕೆ ಹೋಗಿರುವುದು ಲಂಡನ್ ಅಂಚಿನ ವಾಟ್‌ಫರ್ಡ್‌ವರೆಗೆ ಮಾತ್ರ. ಕರಡಿಗೆ ಕಾಟು ಹಾಕಿದೆ.)

೧. ಕಲ್ಯಾಣಿ ಧಾರವಾಡದವರು, ಮನೆ ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ಒಂದೂ ಸಂಕಷ್ಟಿ ತಪ್ಪಿಸಿಲ್ಲ: ದಿನವಿಡೀ ಉಪವಾಸ, ಚಂದ್ರ ಹುಟ್ಟಿದ ಮೇಲೆ ಅರ್ಘ್ಯ ಕೊಟ್ಟು ಊಟ. ಇಲ್ಲಿನ ಮೋಡದಲ್ಲಿ ಚಂದ್ರನನ್ನು ಕಂಡವರಿಲ್ಲ. ಫೋನಿನ ಪಂಚಾಂಗ ಹೇಳಿದ ಗಳಿಗೆಯೇ ಚಂದ್ರ.

ಇನ್ನೊಂದು ಹಟವೂ ಇತ್ತು. ಚಿಕ್ಕಂದಿನಲ್ಲಿ ಕಂಡ ಶಾಲೆಯ ಗ್ಲೋಬಿನ ನೆತ್ತಿಯ ಮೇಲೊಂದು ಸ್ಕ್ರೂ. ಅದರಡಿ ಮುಚ್ಚಿಹೋದ ಜಾಗದಲ್ಲಿ ಏನಿದೆ ಎಂದು ಸಾಯುವುದರೊಳಗೆ ನೋಡಬೇಕು. ಅಲ್ಲಿರುವುದು ಲಾಂಗಿಯರ್‌ಬೈನ್, ಸಾವಿರಕ್ಕೂ ಹೆಚ್ಚು ಜನರಿರುವ ಊರುಗಳಲ್ಲಿ ಭೂಮಿಯ ಮೇಲೆ ಅತ್ಯಂತ ಉತ್ತರದ್ದು.

೨. ಜೂನಿನ ಟಿಕೆಟ್ ಬುಕ್ ಮಾಡಿದವರು ಗಂಡ ಸತ್ಯಪ್ರಕಾಶ, ರಿಟೈರಾದ ಮೂಳೆ ಡಾಕ್ಟರು. ಮುಳುಗದ ಸೂರ್ಯನನ್ನು ನೋಡಿ ದಿನ ಆರಿಸಿದರು, ಚಂದ್ರನನ್ನು ಕೇಳಲಿಲ್ಲ. ಹೊರಡುವ ಮುನ್ನಾದಿನ ಕಲ್ಯಾಣಿ ಪಂಚಾಂಗದಲ್ಲಿ ಊರು ಬದಲಿಸಿ ನೋಡಿದರೆ, ಸಂಕಷ್ಟಿಯ ಚಂದ್ರೋದಯದ ಮುಂದೆ ಬರೀ ಅಡ್ಡಗೆರೆ. ಮರುದಿನಕ್ಕೂ ಅಡ್ಡಗೆರೆ. ಚಂದ್ರ ಹುಟ್ಟುವುದೇ ಇಲ್ಲ.

“ಸೂರ್ಯ ಇಪ್ಪತ್ನಾಲ್ಕು ತಾಸೂ ಇರ್ತಾನ. ಅವಗ ಕೊಟ್ಟುಬಿಡು.”

“ಗಣಪತಿ ವ್ರತಕ್ಕ ಸೂರ್ಯನ್ನ ಕರದ್ರ, ಹಲ್ಲಿನ ಬ್ಯಾನಿಗೆ ನಿಮ್ಮನ್ನ ಕರದಂಗ ಆತು!”

ಹೋದರೆ ವ್ರತ ಕೆಡುತ್ತದೆ. ಬಿಟ್ಟರೆ ಸ್ಕ್ರೂ ಬಿಚ್ಚುವುದಿಲ್ಲ.

೩. ಲೇಖಕನೆಂಬ ಹಕ್ಕಿನಿಂದ ನಾನು ನಡುವೆ ಬಾಯಿ ಹಾಕಿದೆ. ಮೊದಲ ಮುಕ್ತಾಯ: ವಿಮಾನ ಕ್ಯಾನ್ಸಲ್. ಕಲ್ಯಾಣಿ ಹಾಳೆಯಿಂದ ತಲೆಯೆತ್ತಿ, “ಏನ್ರಿ ಬರಿಯೋರ, ಸೂಟ್‌ಕೇಸ್ ಪ್ಯಾಕ್ ಆಗ್ಯದ!” ಎಂದರು.

ಎರಡನೆಯದು: ಅಲ್ಲಿ ಒಂದು ಚಂದ್ರನನ್ನು ಹುಟ್ಟಿಸಿಬಿಡುವುದು.

“ಸುಳ್ಳು ಚಂದ್ರಗ ಖರೇ ಉಪವಾಸ ಏನು?”

ಮೂರನೆಯದು: ಕ್ವೀನ್ಸ್‌ಬರಿಯ ಚಂದ್ರೋದಯಕ್ಕೆ ಅಲ್ಲಿ ಊಟ.

“ಬಾಡಗಿ ಚಂದ್ರ! ಅದೂ ರಾತ್ರಿ ಒಂದಕ್ಕ ಬರಾಂವ. ಬ್ಯಾಡ.”

೪. (ಖಾಲಿ. ಚಹಾ ಮಾಡಲು ಎದ್ದು ಹೋಗಿದ್ದೆ. ಬರುವಷ್ಟರಲ್ಲಿ ಇಬ್ಬರೂ ಹೊರಟುಹೋಗಿದ್ದರು.)

೫. ಸಂಕಷ್ಟಿಯ ಸಂಜೆ, ಲಾಂಗಿಯರ್‌ಬೈನಿನ ಹೋಟೆಲ್ ರೂಮು. ಕಿಟಕಿಯಲ್ಲಿ ಢಾಳಾದ ಬಿಸಿಲು. ಕೆಟಲ್‌ಗೆ ಒರಗಿಸಿದ ಫೋನಿನಲ್ಲಿ ಧಾರವಾಡದ ರಾತ್ರಿ. ಮಾಳಿಗೆಯ ಮೇಲೆ ತಂಗಿ ವಿಜಯಾ.

“ತಡಿಯಕ್ಕಾ, ಮೋಡ ಅದ... ತಡಿ... ಬಂದ! ನೀರಿನ ಟಾಕಿ ಪಕ್ಕಕ್ಕ!”

ಕಲ್ಯಾಣಿ ಫೋನಿಗೆ ಕೈಮುಗಿದು, ತಟ್ಟೆಗೆ ಅರ್ಘ್ಯ ಬಿಟ್ಟರು.

“ಇದೂ ಬಾಡಿಗೆ ಚಂದ್ರನೇ ಅಲ್ಲವೇ?” ಎಂದೆ.

“ತವರುಮನಿ ಚಂದ್ರಗ ಎಲ್ಲೀ ಬಾಡಗಿ?”

ವ್ರತ ಸಂದಿತೋ ಇಲ್ಲವೋ ಗಣಪತಿಯನ್ನು ಕೇಳಬೇಕು. ಅವನು ನನ್ನ ಪಾತ್ರವಲ್ಲ. ಸ್ಕ್ರೂ ಕೆಳಗೆ ಏನಿತ್ತೆಂದು ಕೇಳಿದ್ದಕ್ಕೆ, “ಸೂಪರ್‌ಮಾರ್ಕೆಟ್ ಅದ. ಕೊತ್ತಂಬ್ರಿ ಸೈತ ಸಿಗ್ತದ,” ಎಂದರು. ಹಾಗಾದರೆ ಕಥೆ ಮುಗಿಸಲೇ ಎಂದೆ.

“ಹ್ಯಾಂಗ ಮುಗಸ್ತೀರಿ? ಮುಂದಿನ ತಿಂಗಳ ಮತ್ತ ಸಂಕಷ್ಟಿ ಅದ.”

ಕಲ್ಯಾಣಿ ಏಳೂ ಹತ್ತಕ್ಕೆ ಊಟ ಮಾಡಿದರು.