ಕುಡಿಯದವನ ಲಿವರ್

ನಾನು ಕುಡಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ 2003ರಲ್ಲಿ ಈ ಮಾತನ್ನು ಎಷ್ಟು ಜನರಿಗೆ ಹೇಳಿದೆನೋ ಅಷ್ಟೂ ಜನ ತಲೆಯಾಡಿಸಿ, ಒಳಗೊಳಗೆ ನಕ್ಕು ಹೋದರು. ನೀವೂ ನಗುವವರಾದರೆ ಈಗಲೇ ನಕ್ಕುಬಿಡಿ.

ಹುಮನಾಬಾದಿನ ಮಗ್ಗುಲಿಗಿರುವ ಮಾಣಿಕನಗರದಲ್ಲಿ ನನ್ನದು ಪಾತ್ರೆ ಅಂಗಡಿ. ಸ್ಟೀಲು, ಹಿತ್ತಾಳೆ, ಮದುವೆ ಸಾಮಾನು. ಇಪ್ಪತ್ತು ವರ್ಷ ಗಾದಿಯ ಮೇಲೆ ಕೂತದ್ದರ ಫಲವಾಗಿ ತೊಂಬತ್ತೆಂಟು ಕಿಲೋ ಆಗಿದ್ದೆ. ಮೊಣಕಾಲು ನೋಯುತ್ತದೆ ಎಂದು ಊರಿನ ಡಾಕ್ಟರ ಹತ್ತಿರ ಹೋದರೆ ಆತ ಕಾಲು ನೋಡಲೇ ಇಲ್ಲ, ಹೊಟ್ಟೆ ನೋಡಿದ. "ಇದನ್ನ ಇಳಸ್ರಿ, ಕಾಲು ತಾನೇ ಬರಾಬ್ಬರ್ ಆಗ್ತದ" ಎಂದ.

ಮನೆಗೆ ಬಂದು ಎರಡು ರೊಟ್ಟಿ ಸಾಕು ಎಂದೆ. ನನ್ನ ಹೆಂಡತಿ ಲಲಿತಾಬಾಯಿ ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಪಲ್ಯ ಛಲೋ ಆಗಿಲ್ಲೇನು?"

"ಛಲೋ ಅದ. ತೂಕ ಇಳಸಬೇಕಾಗ್ಯಾದ."

"ನನ್ನ ಕೈಯಾಗಿನ ರೊಟ್ಟಿ ತಿಂದು ಯಾರಿಗಿ ಏನಾಗ್ಯಾದ ಹೇಳ್ರಿ."

ಮರುದಿನ ಅವಳೂ ಎರಡೇ ರೊಟ್ಟಿ ತಿಂದಳು. ಅದರ ಮರುದಿನ ಒಂದು. ನಮ್ಮ ಕಡೆ ಗಂಡಸು ಊಟ ಕಡಿಮೆ ಮಾಡಿದರೆ ಅಡುಗೆ ಮಾಡಿದವಳಿಗೆ ಬೈದ ಹಾಗೆ. ಡಾಕ್ಟರು ಹೇಳಿದ್ದಾರೆ ಎಂದರೆ, ಹಾಗಾದರೆ ಡಾಕ್ಟರ ಮನೆಯಲ್ಲೇ ಉಣ್ಣಿ ಎನ್ನುತ್ತಾರೆ. ನಾನು ಸೋತು ಮತ್ತೆ ನಾಲ್ಕಕ್ಕೆ ಬಂದೆ.

ತಟ್ಟೆ ಸರಿಸಲು ನಮ್ಮಲ್ಲಿ ಇರುವುದು ಒಂದೇ ದಾರಿ: ನೇಮ. ದೇವರ ಹೆಸರಿನಲ್ಲಿ ಉಪವಾಸ ಹಿಡಿದರೆ ಯಾರೂ ಕೈ ಹಿಡಿದು ಬಡಿಸುವುದಿಲ್ಲ. ಅದಕ್ಕಿಂತ ಅನುಕೂಲವಾದ ಇನ್ನೊಂದು ಕಟ್ಟಳೆ ಇದೆ: ನೇಮ ಹಿಡಿದವನು ಯಾಕೆ ಹಿಡಿದೆ ಎಂದು ಬಾಯಿ ಬಿಡಬಾರದು, ಬಿಟ್ಟರೆ ಫಲ ಹೋಯಿತು. ಈ ಕಟ್ಟಳೆ ಮಾಡಿದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದು ನಮ್ಮೂರ ಮಠದ ದೇವರ ಗುರುವಾರದಿಂದ ಶುರು ಮಾಡಿದೆ.

ಗುರುವಾರ ಒಂದರಿಂದ ಹೊಟ್ಟೆ ಏನೂ ಕರಗಲಿಲ್ಲ. ಶಿವನ ಸೋಮವಾರ ಸೇರಿಸಿದೆ. ಹನುಮಪ್ಪನ ಶನಿವಾರ ಬಂತು. ಅಂಬಾಭವಾನಿಗೆ ಮಂಗಳವಾರ, ಲಕ್ಷ್ಮಿಗೆ ಶುಕ್ರವಾರ, ಖಂಡೋಬಾನಿಗೆ ಭಾನುವಾರ. ನಮ್ಮಲ್ಲಿ ದೇವರಿಗೇನು ಕೊರತೆ? ಉಪವಾಸ ಎಂದರೆ ನಮ್ಮ ಓಣಿಯಲ್ಲಿ ಸಾಬುದಾಣಿ ಖಿಚಡಿ, ಶೇಂಗಾ ಉಂಡಿ, ಕೆನೆ ಮೊಸರು. ಉಪವಾಸ ಮಾಡಿ ದಪ್ಪಗಾದವರು ಬೇಕಾದಷ್ಟು ಜನ ಇದ್ದಾರೆ. ನಾನು ಅದನ್ನೂ ಮುಟ್ಟದೆ ಚಹಾ, ಒಂದು ಬಾಳೆಹಣ್ಣು, ಒಂದು ಲೋಟ ಹಾಲಿನ ಮೇಲೆ ದಿನ ತಳ್ಳಿದೆ. ಬುಧವಾರ ಮಾತ್ರ ಊಟ.

ಲಲಿತಾಬಾಯಿಗೆ ಇದರಿಂದ ಬೇಜಾರಾಗಲಿಲ್ಲ, ಬದಲಿಗೆ ಹಿಗ್ಗಿದಳು. ಓಣಿಯ ಹೆಂಗಸರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಳ್ಳತೊಡಗಿದರು. ಪಕ್ಕದ ಟೇಲರ್ ಗೌಸ ನನ್ನ ಪ್ಯಾಂಟು ಎರಡು ಸಲ ಒಳಗೆ ಹೊಲಿದ. ಮೂರನೆಯ ಸಲ ಒಯ್ದಾಗ ಕತ್ತರಿ ಕೆಳಗಿಟ್ಟು, "ಸೇಠ, ಇನ್ನ ಹೊಲದ್ರ ಎರಡೂ ಜೇಬು ಹಿಂದ ಒಂದಾಗ್ತಾವ. ಹೊಸಾದು ಹೊಲಸ್ರಿ" ಎಂದ. ನಾಲ್ಕೈದು ತಿಂಗಳಲ್ಲಿ ಎಪ್ಪತ್ತೈದಕ್ಕೆ ಇಳಿದಿದ್ದೆ. ಮೊಣಕಾಲು ನೋವು ಹೋಗಿತ್ತು. ಖುಷಿಯಾಗಿದ್ದೆ, ಯಾಕೆ ಸುಳ್ಳು ಹೇಳಲಿ. ಸ್ವಲ್ಪ ಸುಸ್ತು, ಅಷ್ಟೇ.

ಆ ಸುಸ್ತೇ ನನ್ನನ್ನು ಹಿಡಿದುಕೊಟ್ಟಿತು. ಲಲಿತಾಳ ತಮ್ಮ ಮಹೇಶಕುಮಾರನಿಗೆ ಬಸವಕಲ್ಯಾಣದಲ್ಲಿ ಔಷಧದ ಅಂಗಡಿ. ಹತ್ತು ವರ್ಷ ಗುಳಿಗೆ ಮಾರಿ ಅರ್ಧ ಡಾಕ್ಟರಾಗಿದ್ದಾನೆ. ಉಳಿದ ಅರ್ಧ ಅವನಿಗೆ ಬೇಕಾಗಿಲ್ಲ. ಅವನೇ ಒತ್ತಾಯ ಮಾಡಿ ರಕ್ತ ತೆಗೆಸಿ, ಅಂಗಡಿಯ ಮೇಲಿನ ದವಾಖಾನೆಗೆ ಕರೆದುಕೊಂಡು ಹೋದ. ವಯಸ್ಸಿನ ಹುಡುಗ ಡಾಕ್ಟರು ರಿಪೋರ್ಟ್ ನೋಡಿದ. ಲಿವರಿನ ಲೆಕ್ಕ ಇರಬೇಕಾದ್ದಕ್ಕಿಂತ ಮೂರು ಪಟ್ಟು ಇತ್ತು.

"ದಿನಾ ಎಷ್ಟು ತಗೋತೀರಿ?"

"ಏನು?"

"ಶೆರೆ."

"ಹುಟ್ಟಿದಾಗಿಂದ ಮುಟ್ಟಿಲ್ರಿ."

"ಊಟ ಏನರ ಕಡಿಮಿ ಮಾಡೀರಿ?"

ಮಗ್ಗುಲಲ್ಲಿ ಲಲಿತಾ ಕೂತಿದ್ದಳು. ಉಪವಾಸ ಎಂದರೆ ಯಾಕೆ ಎನ್ನುತ್ತಾನೆ. ಹೊಟ್ಟೆ ಕರಗಿಸಲು ಎಂದರೆ ಆರು ದೇವರ ಹೆಸರಿನಲ್ಲಿ ಹೆಂಡತಿಗೆ ಟೋಪಿ ಹಾಕಿದ್ದು ಅಲ್ಲೇ ಬಯಲಾಗುತ್ತದೆ. ನಾನು ಇಲ್ಲ ಎಂದೆ. ಲಲಿತಾಳೂ, "ನಮ್ಮ ಮನ್ಯಾಗ ಊಟಕ್ಕ ಏನ್ ಕಡಿಮಿ ಅದ್ರಿ?" ಎಂದಳು. ಅವಳು ಸುಳ್ಳು ಹೇಳಲಿಲ್ಲ. ಅವಳ ಪ್ರಕಾರ ದೇವರ ಉಪವಾಸದಿಂದ ಯಾರೂ ಸೊರಗುವುದಿಲ್ಲ. ಸೊರಗಿದ್ದಾರೆ ಎಂದರೆ ಅದಕ್ಕೆ ಬೇರೆ ಕಾರಣ ಇರಲೇಬೇಕು.

ಮೆಟ್ಟಿಲು ಇಳಿಯುವಾಗ ಮಹೇಶ ಆ ಕಾರಣ ಹೇಳಿದ. "ಅಕ್ಕಾ, ಲಿವರ್ ಅಂದ್ರ ಒಂದೇ. ಅಪ್ಪಂದು ಮರತೇನು?"

ಅವರ ಅಪ್ಪ ತುಳಜಾರಾಮ ಕೊಹಿನೂರೆಂಬ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದವನು. ಕೈ ಸೊರಗಿ, ಹೊಟ್ಟೆ ಊದಿ, ಕಣ್ಣು ಹಳದಿಯಾಗಿ, ನಡೆಯುವಾಗ ತೂರಾಡಿ, ನಾವು ಮದುವೆಯಾದ ಕೆಲವು ವರ್ಷಕ್ಕೆ ತೀರಿಕೊಂಡ. ಕುಡಿದು ಸತ್ತ ಎಂದು ಊರೆಲ್ಲ ಹೇಳಿತು, ನಾನೂ ಹಾಗೇ ತಿಳಿದುಕೊಂಡೆ. ಆ ತೂರಾಟ ಮದುವೆಗೆ ಮುಂಚಿನದು; ಹೆಣ್ಣು ನೋಡಲು ಹೋದಾಗಲೇ ಲಲಿತಾ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಕುಡಿಯುತ್ತೀರಾ ಎಂದು. ಅವಳ ಮಟ್ಟಿಗೆ ನನ್ನ ಇಡೀ ಯೋಗ್ಯತೆ ಆ ಇಲ್ಲ ಎಂಬ ಮಾತಿನಲ್ಲಿತ್ತು.

ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು, ಜಗಳದಲ್ಲಿ ನನ್ನದೇ ಮೇಲುಗೈ. ಅವಳು ಸುಮ್ಮನೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದಳು. ನಾನು ಉಚ್ಚೆಗೆ ಎದ್ದರೂ ಎದ್ದಳು. ಮನೆಗೆ ಬಂದೊಡನೆ, "ಜರಾ ಬಾಯಿ ತಗೀರಿ" ಎನ್ನುವಳು. ಏಲಕ್ಕಿ ಅಗಿದಿದ್ದರೆ ಯಾಕೆ ಅಗಿದಿರಿ ಎನ್ನುವಳು, ಅಗಿಯದಿದ್ದರೆ ಇನ್ನಷ್ಟು ಹೊತ್ತು ಮೂಸುವಳು. ಗಿರಾಕಿಗಳ ಎದುರು ನನ್ನ ಮರ್ಯಾದೆ ಮೂರು ಕಾಸಿಗೆ ಬಂತು.

"ಮಠದಾಗ ಆಣೆ ಮಾಡ್ತೀನಿ, ನಡಿ" ಎಂದೆ ಒಂದು ದಿನ.

"ಬ್ಯಾಡ. ಕುಡಿಯೋರ ಆಣೆ ನಾ ಭಾಳ ಕೇಳೀನಿ."

ಲಿವರಿಗೆ ತಂಪು ಬೇಕು ಎಂದು ಮಹೇಶ ಪಥ್ಯ ಬರೆದುಕೊಟ್ಟ. ಎಣ್ಣೆ ಇಲ್ಲ, ಉಪ್ಪು ಇಲ್ಲ, ಬುಧವಾರವೂ ಮಜ್ಜಿಗೆ ಮತ್ತು ಅಂಬಲಿ. ಅಂದರೆ ನನಗೆ ಉಳಿದಿದ್ದ ಒಂದು ದಿನವನ್ನೂ ಆತ ಕಿತ್ತುಕೊಂಡ. ಒಂದೂವರೆ ತಿಂಗಳ ಮೇಲೆ ಮತ್ತೆ ರಕ್ತ ತೆಗೆದರು. ಮೂರು ಪಟ್ಟು ಇದ್ದದ್ದು ಐದು ಪಟ್ಟು ಆಗಿತ್ತು.

ಆ ಸಂಜೆ ಲಲಿತಾ ನನ್ನ ಎದುರಿಗೆ ಕೂತು, ಮೆಲ್ಲಗೆ, ಬೆಂಡೆಕಾಯಿ ಹೆಚ್ಚುತ್ತ ಹೇಳಿದಳು.

"ನಮ್ಮವ್ವ ಕುಡುಕನ್ನ ಕಾದು ಕಾದು ಮುದುಕಿ ಆದ್ಲು. ನಂದು ಆಗಾಂಗಿಲ್ಲ. ಇನ್ನೊಂದು ಸಲ ರಿಪೋರ್ಟ್ ಹಿಂಗ ಬಂದ್ರ ನಾ ಕೊಹಿನೂರಿಗಿ ಹೋಗ್ತೀನಿ. ಕರಿಯಾಕ ಬರಬ್ಯಾಡ್ರಿ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳ ದನಿ ಕೇಳಿ ಹೆದರಿಕೆಯಾಯಿತು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದವಳು ನಾನು ಹೇಳಿದ ಒಂದು ನಿಜವನ್ನು ನಂಬಲಾರಳು ಎಂದರೆ, ಉಳಿದದ್ದೆಲ್ಲ ಏನು ನಂಬಿದ್ದಾಳು ಎಂದು ರಾತ್ರಿಯೆಲ್ಲ ಹೊರಳಾಡಿದೆ. ಖಾಲಿ ಹೊಟ್ಟೆ ಬೇರೆ.

ಬಸವಕಲ್ಯಾಣದಲ್ಲೇ ನರಸಿಂಗ ಡಾಕ್ಟರೆಂದು ಇನ್ನೊಬ್ಬರಿದ್ದರು. ಹೈದರಾಬಾದಿನಲ್ಲಿ ದೊಡ್ಡ ಆಸ್ಪತ್ರೆಯಲ್ಲಿದ್ದು, ವಯಸ್ಸಾದ ಮೇಲೆ ಊರಿಗೆ ಬಂದವರು. ಮೂರನೆಯ ರಿಪೋರ್ಟಿಗೆ ಮುಂಚೆ ಅವರ ಹತ್ತಿರ ಹೋಗೋಣ ಎಂದು ನಾನೇ ಹಟ ಹಿಡಿದೆ. ಅವರು ಹೊಟ್ಟೆಯ ಫೋಟೋ ತೆಗೆಸಿದರು, ಕಾಮಾಲೆಯ ಎರಡು ಥರದ ಪರೀಕ್ಷೆ ಮಾಡಿಸಿದರು. ಎಲ್ಲ ಬಂದ ಮೇಲೆ ನನ್ನನ್ನು ಬಿಟ್ಟು ಲಲಿತಾಳ ಕಡೆ ತಿರುಗಿದರು.

"ಬಾಯಿ, ನಿನ್ನೆ ಮುಂಜಾನಿಂದ ಇವರ ಹೊಟ್ಟ್ಯಾಗ ಏನೇನು ಹೋಗ್ಯಾದ, ನೀವು ಹೇಳ್ರಿ."

"ನಿನ್ನೆ ಸೋಮವಾರ ಇತ್ರಿ. ಚಹಾ, ಒಂದು ಬಾಳಿಹಣ್ಣು, ಹಾಲು."

"ಮೊನ್ನೆ?"

"ಖಂಡೋಬಾನ ದಿನಾ ಅಲ್ರಿ. ಹಂಗೇ."

ನೇಮ ಹಿಡಿದವನು ಹೇಳಬಾರದು. ಹೆಂಡತಿ ಹೇಳಬಾರದು ಎಂದು ಯಾವ ಕಟ್ಟಳೆಯೂ ಇಲ್ಲ. ಇಷ್ಟು ದಿನ ಯಾರೂ ಅವಳನ್ನು ಕೇಳಿರಲಿಲ್ಲ, ಅಷ್ಟೇ. ಅವಳು ಗಂಡನ ಭಕ್ತಿಯನ್ನು ವಾರದ ಪ್ರಕಾರ, ದೇವರ ಪ್ರಕಾರ, ಬಹಳ ಅಭಿಮಾನದಿಂದ ಒಪ್ಪಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಹಂಗಾರ ಇವರು ಉಣ್ಣೋದು ಯಾವಾಗ?"

ಲಲಿತಾ ಬೆರಳು ಮಡಚಿ ವಾರ ಎಣಿಸಿದಳು. "ಬುಧವಾರ ಉಣ್ತಿದ್ರು. ಈಗ ಪಥ್ಯ ಅದ್ರಿ."

ಅವರು ನನ್ನನ್ನು ನೋಡಿದರು. "ಯಾಕ್ರೀ ಇಷ್ಟು ಉಪವಾಸ?"

ಫಲ ಹೋದರೆ ಹೋಗಲಿ, ಹೆಂಡತಿ ಉಳಿಯಲಿ ಎಂದುಕೊಂಡೆ. "ಹೊಟ್ಟಿ ಕರಗಸಾಕ್ರಿ."

ಲಲಿತಾ ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಡಾಕ್ಟರು ಸಮಾಧಾನದಿಂದ ಹೇಳಿದರು: ಮೈಯ ಕೊಬ್ಬನ್ನು ಹೀಗೆ ಒಮ್ಮೆಲೆ ಕರಗಿಸಿದರೆ ಅದೆಲ್ಲ ಲಿವರಿನ ಮೇಲೆಯೇ ಬರುತ್ತದೆ, ಆಗ ಲೆಕ್ಕ ಏರುವುದುಂಟು. ಕಾಮಾಲೆ ಇಲ್ಲ, ಗಡ್ಡೆ ಇಲ್ಲ. "ನನಗ ಹಂಗ ಕಾಣಸ್ತದ. ಖಾತ್ರಿ ಹೇಳಾಂಗಿಲ್ಲ. ಎರಡು ತಿಂಗಳು ಮನುಷ್ಯರ ಹಂಗ ಉಣ್ರಿ, ಆಮ್ಯಾಲ ನೋಡೋಣ."

ಹೊರಗೆ ಬಂದ ಮೇಲೆ ಲಲಿತಾ ಹೇಳಿದ್ದು ಇಷ್ಟು: "ಆರು ದೇವರಿಗಿ ಸುಳ್ಳು ಹೇಳಿದಾಂವ ನನಗೊಬ್ಬಾಕಿಗಿ ಖರೇ ಹೇಳ್ತೀನಂದ್ರ ಹ್ಯಾಂಗ ನಂಬಲಿ?" ಆ ದಿನದಿಂದಲೇ ಉಂಡೆ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎರಡು ರೊಟ್ಟಿ. ಅವಳು ಎಣಿಸಿ ಬಡಿಸಿದಳು, ಉಂಡ ಮೇಲೆ ಮೂಸಿದಳು.

ಎರಡು ತಿಂಗಳ ಮೇಲೆ ಮೂರನೆಯ ರಿಪೋರ್ಟ್ ಬಂತು. ಲೆಕ್ಕ ಹೆಚ್ಚುಕಡಿಮೆ ಸರಿಯಾಗಿತ್ತು. ನರಸಿಂಗ ಡಾಕ್ಟರು ಅದನ್ನು ನನಗಲ್ಲ, ಲಲಿತಾಳಿಗೆ ಕೊಟ್ಟರು. "ಇವರು ಕುಡಿಯಾಂಗಿಲ್ಲ ಬಾಯಿ. ಅನುಮಾನ ಬಿಡ್ರಿ."

ಇಷ್ಟು ತಿಂಗಳಿಂದ ಆಡಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಬಸ್ಸಿನಲ್ಲಿ ಕೂತ ಮೇಲೆ ಒಂದೊಂದಾಗಿ ಬಡಿಸೋಣ ಎಂದು ತಡೆದೆ. ಲಲಿತಾ ಏಳಲಿಲ್ಲ.

"ಡಾಕ್ಟ್ರೇ, ಕುಡಿಯದೇ ಇದ್ದವ್ರಿಗಿ ಭಿ ಹೊಟ್ಟಿ ಊದಿ, ಕಣ್ಣು ಹಳದಿ ಆಗಿ, ಸಾಯೂತನಕ ಹೋಗ್ತದೇನ್ರಿ?"

"ಹೋಗ್ತದ. ಎಷ್ಟೋ ಜನಕ್ಕ ಕಾಮಾಲಿ ಒಳಗೊಳಗೇ ಇರ್ತದ. ಹಳ್ಳ್ಯಾಗ ಯಾರು ಪರೀಕ್ಷಾ ಮಾಡಸ್ತಾರ?"

ಬಸ್ಸು ಸಸ್ತಾಪುರ ಬಂಗ್ಲಾ ಸ್ಟಾಪು ದಾಟುವ ತನಕ ಅವಳು ರಿಪೋರ್ಟನ್ನು ಮಡಚುತ್ತ, ಬಿಚ್ಚುತ್ತ ಕೂತಳು. ನಾನು ಬಾಯಿಪಾಠದ ಮಾತು ಶುರು ಮಾಡಲಿಲ್ಲ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು.

"ನಮ್ಮಪ್ಪ ನನ್ನ ಕೈ ಹಿಡದು, ನಾ ಕುಡದಿಲ್ಲ ಲಲ್ಲಿ ಅಂದಿದ್ದ. ನಾ ಕೈ ಕಸ್ಗೊಂಡೆ. ಕಡೀಕ ನೀರು ಕೇಳಿದ. ನಾ ಎದ್ದು ಹೊರಗ ಹೋದೆ. ನೀರು ಮಹೇಶ ಹಾಕಿದ."

ಅದೇ ಉಸಿರಿನಲ್ಲಿ ನನ್ನನ್ನು ಕೇಳಿದಳು.

"ನೀವು ಅವನ ಸಂಗಡ ಸಂತಿಗಿ, ಹೊಲಕ್ಕ ಹೋಗ್ತಿದ್ರಿ. ಎಂದರ ಕುಡದದ್ದು ಕಣ್ಣಾರ ನೋಡೀರೇನು? ಖರೇ ಹೇಳ್ರಿ."

ನೋಡಿರಲಿಲ್ಲ. ಒಂದು ದಿನವೂ ನೋಡಿರಲಿಲ್ಲ. ಸಂತೆಯಲ್ಲಿ ನಾನು ಚಹಾ ಕುಡಿಸಿದರೆ ಅರ್ಧ ನನ್ನ ಕಪ್ಪಿನ ಬಸಿಗೇ ಸುರಿಯುತ್ತಿದ್ದ, ಹೊಟ್ಟೆಗೆ ಹಿಡಿಯುವುದಿಲ್ಲ ಎಂದು. ಕುಡಿದದ್ದು ಕಂಡವರು ಯಾರೆಂದು ಊರಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವನ ಪಾಡು ಏನಿತ್ತು ಎಂದು ಈ ತಾಲೂಕಿನಲ್ಲಿ ಈಗ ಬಲ್ಲವನು ನಾನೊಬ್ಬನೇ. ಅವಳು ಇನ್ನೂ ಕಿಟಕಿಯ ಕಡೆಗೇ ಮುಖ ಮಾಡಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿತ್ತು.

"ನೋಡೀನಿ" ಎಂದೆ.

"ಎಲ್ಲಿ?"

"ಬಸ್‌ಸ್ಟ್ಯಾಂಡಿನ ಹಿಂದ, ಸೇಂದಿ ಅಂಗಡ್ಯಾಗ. ಒಂದ್ಸಲ ಅಲ್ಲ, ಭಾಳ ಸಲ. ನಿನಗ ಹೇಳಬ್ಯಾಡ ಅಂದಿದ್ದ."

ಅವಳು ನನ್ನ ಬಾಯಿ ಮೂಸಲಿಲ್ಲ, ಆಣೆ ಕೇಳಲಿಲ್ಲ. ದೀರ್ಘವಾಗಿ ಉಸಿರು ಬಿಟ್ಟು, ಸೆರಗು ಬಿಡಿಸಿ, ಮುಖ ಒರೆಸಿಕೊಂಡಳು. "ಹಂಗಾರ ಖರೇನೇ" ಎಂದಳು. ಸ್ವಲ್ಪ ಹೊತ್ತಿಗೆ ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು.

ಮಾವ, ತಪ್ಪಾಯಿತು ಎಂದು ಮನಸ್ಸಿನಲ್ಲೇ ಹೇಳಿದೆ. ಹುಮನಾಬಾದ ಬರುವ ತನಕ ಹೆಗಲು ಅಲುಗಿಸದೆ ಕೂತಿದ್ದೆ.